ಅಕ್ಷರಗುಂಡು: ಓದಿನಿಂದ ಅರಿವಿಗೆ

ಓದಿದ್ದು ಅರಿವಾಗುವುದು ಯಾವಾಗ ಎಂಬುದು ಭಾರತದ ದರ್ಶನಗಳು ಬಹಳ ಹಿಂದೆಯೇ ಕೈಗೆತ್ತಿಕೊಂಡ ಪ್ರಶ್ನೆ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯ ತನ್ನ ಮಡದಿ ಮೈತ್ರೇಯಿಗೆ ಆತ್ಮದ ವಿಷಯವನ್ನು ಕೇಳಬೇಕು, ಮನನ ಮಾಡಬೇಕು, ಧ್ಯಾನಿಸಬೇಕು ಎನ್ನುತ್ತಾನೆ. ವೇದಾಂತಿಗಳು ಇದನ್ನೇ ಶ್ರವಣ, ಮನನ, ನಿದಿಧ್ಯಾಸನ ಎಂಬ ಮೂರು ಮೆಟ್ಟಿಲಾಗಿ ಬೆಳೆಸಿದರು. ಬೌದ್ಧರು ಪ್ರಜ್ಞೆಯನ್ನು ಕೇಳಿ ಬಂದದ್ದು, ಚಿಂತಿಸಿ ಬಂದದ್ದು, ಧ್ಯಾನದ ಅಭ್ಯಾಸದಿಂದ ಬಂದದ್ದು ಎಂದು ಮೂರಾಗಿ ಎಣಿಸಿದರು. ಆತ್ಮ ಉಂಟೆನ್ನುವವರೂ ಇಲ್ಲವೆನ್ನುವವರೂ ಈ ಒಂದು ಮಾತಿನಲ್ಲಿ ಜೊತೆಯಾಗುತ್ತಾರೆ: ಕಿವಿಗೆ ಬಿದ್ದದ್ದೆಲ್ಲ ಅರಿವಲ್ಲ. ಸಾಹಿತ್ಯವನ್ನೋ ತತ್ವವನ್ನೋ ಓದಿದ ವಿದ್ಯಾರ್ಥಿ ಅದರ ಬಗ್ಗೆ ತನ್ನ ಮಾತಿನಲ್ಲಿ ಬರೆಯುವ ಚಿಂತನೆಗೆ ಜಾಗವಿರುವುದು ನಡುವಿನ ಮೆಟ್ಟಿಲಲ್ಲಿ. ಕೇಳಿದ್ದನ್ನು ಹಾಗೆಯೇ ಒಪ್ಪಿಸಿದರೆ ಅವನು ಮೊದಲ ಮೆಟ್ಟಿಲಲ್ಲೇ ಉಳಿದಂತೆ. ಮೂರನೆಯ ಮೆಟ್ಟಿಲು ಯಾವ ತರಗತಿಯ ಕೈಯಲ್ಲೂ ಇಲ್ಲ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಈ ಪ್ರಶ್ನೆಗೆ ಕಣ್ಣಿಗೆ ಕಾಣುವ ಗುರುತುಗಳಿವೆ. ಮಳೆ ಕಡಿಮೆ ಬೀಳುವ, ಶೇಂಗಾ ಬೆಳೆಯುವ, ಆಂಧ್ರದ ಗಡಿಗೆ ತಾಗಿದ ಸೀಮೆ ಇದು. ಚಳ್ಳಕೆರೆ ಎಣ್ಣೆ ಗಿರಣಿಗಳಿಗೆ ಹೆಸರಾದರೆ ಮೊಳಕಾಲ್ಮೂರು ರೇಷ್ಮೆ ಸೀರೆಗೆ ಹೆಸರು. ಮ್ಯಾಸನಾಯಕರ ಹಲವು ಮನೆಗಳಲ್ಲಿ ಆಡುವ ಮಾತು ತೆಲುಗು, ಮಕ್ಕಳು ಶಾಲೆಯಲ್ಲಿ ಕಲಿಯುವುದು ಕನ್ನಡ. ಎರಡೂ ಊರುಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು 2009ರಲ್ಲಿ ಹುಟ್ಟಿದ ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರುತ್ತವೆ. ಇಂಥ ಕಾಲೇಜುಗಳಲ್ಲಿ ತತ್ವಶಾಸ್ತ್ರ ಬೇರೆಯೇ ಒಂದು ವಿಷಯವಾಗಿ ಸಿಗುವುದು ಅಪರೂಪ. ವಚನ, ಹಳಗನ್ನಡ ಕಾವ್ಯ, ಜನಪದ ಕಥನ, ಕಾವ್ಯಮೀಮಾಂಸೆಗಳ ಜೊತೆಯಲ್ಲಿ ಅದು ಕನ್ನಡ ತರಗತಿಯೊಳಕ್ಕೆ ಬರುತ್ತದೆ. ಇದನ್ನು ಕೊರತೆಯೆಂದು ಎಣಿಸಬೇಕಾಗಿಲ್ಲ. ಕನ್ನಡದಲ್ಲಿ ತತ್ವ ಮೊದಲಿನಿಂದಲೂ ವಚನ, ಕಾವ್ಯ, ತತ್ವಪದಗಳ ಮೈಯಲ್ಲೇ ಬಾಳಿಕೊಂಡು ಬಂದಿದೆ. ಇಲ್ಲಿ ಸಾಹಿತ್ಯದ ತರಗತಿಯೇ ತತ್ವದ ತರಗತಿ.

ಈ ಸೀಮೆಯ ಅತಿ ಹಳೆಯ ಪಠ್ಯ ಕಲ್ಲಿನ ಮೇಲಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಕ್ರಿ.ಪೂ. 3ನೇ ಶತಮಾನದ ಅಶೋಕನ ಕಿರುಶಾಸನಗಳ ಮೂರು ಪ್ರತಿಗಳಿವೆ. ಒಂದಕ್ಕೊಂದು ಕೆಲವೇ ಕಿಲೋಮೀಟರು ದೂರ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬ್ರಾಹ್ಮಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಓದಿದ್ದ. ಈ ಶಾಸನಗಳನ್ನು ಬಿ.ಎಲ್. ರೈಸ್ ಹೊರಲೋಕಕ್ಕೆ ತಿಳಿಸಿದ್ದು 1892ರಲ್ಲಿ. ಊರಿನವರಿಗೆ ಅವು ಅದಕ್ಕೂ ಮೊದಲೇ ಗೊತ್ತಿದ್ದವು. ಬ್ರಹ್ಮಗಿರಿಯ ಬಂಡೆಯನ್ನು ಅವರು ಅಕ್ಷರಗುಂಡು ಎಂದೇ ಕರೆಯುತ್ತಿದ್ದರು, ಜಟಿಂಗ ರಾಮೇಶ್ವರದ್ದನ್ನು ಬಳೆಗಾರಗುಂಡು ಎನ್ನುತ್ತಿದ್ದರು. ಕಲ್ಲಿನ ಮೇಲಿರುವುದು ಅಕ್ಷರವೆಂದು ಗೊತ್ತು, ಅದು ಏನು ಹೇಳುತ್ತದೆಂದು ಗೊತ್ತಿಲ್ಲ. ಎಷ್ಟೋ ಶತಮಾನಗಳ ಕಾಲ ಈ ಜನ ತಮಗೆ ಓದಲು ಬಾರದ ಬರಹಕ್ಕೆ ಸರಿಯಾದ ಹೆಸರಿಟ್ಟುಕೊಂಡು ಅದರ ಪಕ್ಕದಲ್ಲೇ ದನ ಮೇಯಿಸಿದರು. ಓದಿಗೂ ಅರಿವಿಗೂ ನಡುವೆ ಎಷ್ಟು ಅಂತರವಿರಬಹುದು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ಸಿಗುವುದು ಕಷ್ಟ.

ಶಾಸನದೊಳಗೆ ಇರುವುದು ಎರಡು ಮಾತುಗಳು. ಮೊದಲ ಭಾಗದಲ್ಲಿ ರಾಜ ತನ್ನ ಕಥೆ ಹೇಳಿಕೊಳ್ಳುತ್ತಾನೆ. ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷ ಕಳೆಯಿತು, ಆದರೆ ಒಂದು ವರ್ಷ ತಾನು ಹೆಚ್ಚಿನ ಪ್ರಯತ್ನ ಮಾಡಲಿಲ್ಲ, ಸಂಘದ ಹತ್ತಿರ ಬಂದ ಮೇಲಿನ ಒಂದು ವರ್ಷಕ್ಕೂ ಮೀರಿದ ಕಾಲದಲ್ಲಿ ತುಂಬ ಪ್ರಯತ್ನಪಟ್ಟೆ ಎಂದು ಒಪ್ಪಿಕೊಳ್ಳುತ್ತಾನೆ. ಈ ಪ್ರಯತ್ನದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಚಿಕ್ಕವನೂ ಪ್ರಯತ್ನಪಟ್ಟರೆ ಸ್ವರ್ಗ ಪಡೆಯಬಲ್ಲ ಎಂಬುದು ಅವನ ನಿಲುವು. ದೊಡ್ಡವರೂ ಚಿಕ್ಕವರೂ ಪ್ರಯತ್ನಪಡಲಿ, ಗಡಿಯಲ್ಲಿರುವವರೂ ಇದನ್ನು ತಿಳಿಯಲಿ ಎಂದು ಅವನು ಬಯಸುತ್ತಾನೆ. ಈ ತಾಲ್ಲೂಕುಗಳು ಇವತ್ತಿಗೂ ಗಡಿಯವೇ. ಎರಡನೆಯ ಭಾಗ ನಡತೆಯನ್ನು ಕುರಿತದ್ದು. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳ ವಿಷಯದಲ್ಲಿ ಗಟ್ಟಿ ಮನಸ್ಸಿನಿಂದ ದಯೆ ತೋರಬೇಕು, ಸತ್ಯ ಹೇಳಬೇಕು, ಶಿಷ್ಯ ಆಚಾರ್ಯನನ್ನು ಗೌರವಿಸಬೇಕು, ನೆಂಟರೊಡನೆ ತಕ್ಕಂತೆ ನಡೆಯಬೇಕು. ಇದು ಪುರಾತನವಾದ ನಡೆ, ಆಯುಷ್ಯವನ್ನು ಹೆಚ್ಚಿಸುವ ನಡೆ ಎಂದು ಶಾಸನ ಸೇರಿಸುತ್ತದೆ.

ಈ ಎರಡು ಭಾಗಗಳನ್ನು ಒಟ್ಟಿಗೆ ಇಟ್ಟು ಓದಿದವರಿಗೆ ಒಂದು ತೊಡಕು ಎದುರಾಗದೆ ಇರದು. ಮೊದಲನೆಯದು ಹೊಸತನ್ನು ಸಾಧಿಸುವ ಮಾತು. ಮನುಷ್ಯ ತನ್ನ ಪ್ರಯತ್ನದಿಂದ ಬದಲಾಗಬಲ್ಲ, ರಾಜನೇ ಬದಲಾದ. ಎರಡನೆಯದು ಹಳತನ್ನು ಉಳಿಸಿಕೊಳ್ಳುವ ಮಾತು. ಧರ್ಮವೆಂದರೆ ಹಿಂದಿನಿಂದ ನಡೆದುಬಂದದ್ದು. ಹಾಗಾದರೆ ಧರ್ಮ ಗಳಿಸುವ ವಸ್ತುವೋ, ಬಳುವಳಿಯಾಗಿ ಬರುವ ವಸ್ತುವೋ? ಹಳೆಯದೇ ಆದ ನಡತೆಯನ್ನು ಪ್ರತಿಯೊಂದು ತಲೆಮಾರೂ ಹೊಸ ಪ್ರಯತ್ನದಿಂದ ತನ್ನದಾಗಿಸಿಕೊಳ್ಳಬೇಕು ಎಂದು ಎರಡನ್ನೂ ಹೊಂದಿಸಬಹುದು. ಆ ಹೊಂದಾಣಿಕೆ ಓದುವವನದು, ಕಲ್ಲಿನ ಮೇಲೆ ಅದಿಲ್ಲ. ಇನ್ನೂ ಗಂಭೀರವಾದ ಪ್ರಶ್ನೆಯೊಂದಿದೆ. ಬ್ರಹ್ಮಗಿರಿಯ ಶಾಸನ ಶುರುವಾಗುವುದು ಸುವರ್ಣಗಿರಿಯ ರಾಜಕುಮಾರ ಮತ್ತು ಮಹಾಮಾತ್ರರೆಂಬ ಅಧಿಕಾರಿಗಳು ಇಸಿಲವೆಂಬ ಊರಿನ ಮಹಾಮಾತ್ರರ ಆರೋಗ್ಯ ವಿಚಾರಿಸುವುದರಿಂದ, ಅಂದರೆ ಒಂದು ಕಚೇರಿ ಇನ್ನೊಂದು ಕಚೇರಿಗೆ ಕಳಿಸಿದ ಆಜ್ಞೆಯ ರೂಪದಲ್ಲಿ. ಸತ್ಯ ಹೇಳಬೇಕೆಂದು ಸರ್ಕಾರ ಆಜ್ಞೆ ಮಾಡಿದಾಗ ಹೇಳಿದ ಸತ್ಯಕ್ಕೆ ಧರ್ಮದ ಬೆಲೆ ಇದೆಯೇ? ಜರ್ಮನಿಯ ಇಮ್ಯಾನುಯೆಲ್ ಕಾಂಟ್ 18ನೇ ಶತಮಾನದಲ್ಲಿ ಮನುಷ್ಯ ತನಗೆ ತಾನೇ ವಿಧಿಸಿಕೊಂಡ ನಿಯಮ ಮಾತ್ರ ನೈತಿಕವೆಂದು ವಾದಿಸಿದ. ಅವನ ಲೆಕ್ಕದಲ್ಲಿ ಇಸಿಲದ ಪ್ರಜೆಯ ವಿಧೇಯತೆ ನೀತಿಯಾಗುವುದಿಲ್ಲ. ಆದರೆ ಅಶೋಕನ ಮೊದಲ ಭಾಗವನ್ನು ಗಮನಿಸಿದರೆ ಆಜ್ಞೆ ಕೊಡುವವನೇ ತನ್ನ ಒಂದು ವರ್ಷದ ಸೋಮಾರಿತನವನ್ನು ಪ್ರಜೆಗಳ ಮುಂದೆ ಒಪ್ಪಿಕೊಂಡಿದ್ದಾನೆ. ತನ್ನ ತಪ್ಪಿನಿಂದ ಮಾತು ಶುರುಮಾಡಿದ ಆಜ್ಞೆ ಬರಿಯ ಆಜ್ಞೆಯಾಗಿ ಉಳಿಯುವುದಿಲ್ಲ ಎಂಬ ಉತ್ತರಕ್ಕೆ ಅಲ್ಲಿ ಅವಕಾಶವಿದೆ.

ಈ ಶಾಸನವನ್ನು ಜನ ಓದಿದರೆಂದು ಭಾವಿಸಬಾರದು, ಕೇಳಿದರು. ಇದೇ ಆಜ್ಞೆಯ ಇನ್ನೂ ವಿವರವಾದ ಪಾಠ ಆಂಧ್ರದ ಎರ್ರಗುಡಿಯಲ್ಲಿದ್ದು, ಭೇರಿ ಬಾರಿಸಿ ನಾಡಿನ ಜನಕ್ಕೆ ಸಾರುವ ಮಾತು ಅಲ್ಲಿ ಬರುತ್ತದೆ. ಬರಹ ಇದ್ದದ್ದು ಮಾತಿಗೆ ಸಾಕ್ಷಿಯಾಗಿ. ಭೇರಿಯ ಸದ್ದು ಅಡಗಿತು, ಪ್ರಾಕೃತ ಬಲ್ಲವರು ಹೋದರು, ಸಾಕ್ಷಿ ಮಾತ್ರ ಉಳಿಯಿತು.

ಓದದೆಯೂ ಬಲ್ಲವರ ವಿಷಯ ಕನ್ನಡದ ಮೊದಲ ಉಪಲಬ್ಧ ಗ್ರಂಥದಲ್ಲೇ ಇದೆ. 9ನೇ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ, ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಬಣ್ಣಿಸುತ್ತ, ಇಲ್ಲಿನ ಜನ ಶಾಸ್ತ್ರ ಓದದಿದ್ದರೂ ಕಾವ್ಯದ ಬಳಕೆಯಲ್ಲಿ ಪಳಗಿದವರು ಎಂಬ ಅರ್ಥದ ಮಾತು ಹೇಳುತ್ತದೆ. ಇದನ್ನು ನಾಡಿನ ಹೊಗಳಿಕೆಯೆಂದು ಪಾಠ ಮಾಡಿ ಮುಗಿಸುವುದು ವಾಡಿಕೆ. ಅದು ಜ್ಞಾನದ ಬಗ್ಗೆ ಮಾಡಿದ ಒಂದು ಸಿದ್ಧಾಂತವೂ ಹೌದು: ನಿಯಮ ತಿಳಿಯದವನೂ ನಿಯಮದಂತೆ ನುಡಿಯಬಲ್ಲ, ಹಾಗೆ ನುಡಿಯಬಲ್ಲವನನ್ನು ಅಜ್ಞಾನಿಯೆನ್ನಲು ಬರುವುದಿಲ್ಲ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಈ ಸಿದ್ಧಾಂತಕ್ಕೆ ಜೀವಂತ ಪುರಾವೆಯಾಗಿದ್ದವರು. ಕಾಡುಗೊಲ್ಲ ಸಮುದಾಯದ ಈ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಸಾವಿರಾರು ಪದ ಬಾಯಲ್ಲಿದ್ದವು. ಅವರ ಹಾಡುಗಳನ್ನು ಕೃಷ್ಣಮೂರ್ತಿ ಹನೂರರು ಸಂಗ್ರಹಿಸಿ ‘ಸಾವಿರದ ಸಿರಿ ಬೆಳಗು’ ಎಂಬ ಪುಸ್ತಕವಾಗಿ ತಂದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ವಿಶ್ವವಿದ್ಯಾಲಯವೊಂದು ಓದುಬರಹ ಬಾರದ ಹೆಣ್ಣುಮಗಳಿಗೆ ತನ್ನ ದೊಡ್ಡ ಗೌರವ ಕೊಟ್ಟಾಗ, ಓದು ಅರಿವಿಗೆ ಒಂದು ದಾರಿ ಮಾತ್ರವೆಂದು ತಾನೇ ಬರೆದುಕೊಟ್ಟಂತಾಯಿತು. ಯಲಗಟ್ಟೆಯ ಸುತ್ತಿನ ಹಟ್ಟಿಗಳಿಂದ ಕಾಲೇಜಿಗೆ ಬರುವ ಹುಡುಗಿಗೆ ಈ ಸಂಗತಿ ಪಠ್ಯದ ಒಂದು ಅಧ್ಯಾಯಕ್ಕಿಂತ ದೊಡ್ಡದು. ತನ್ನ ಅಜ್ಜಿ ಹಾಡುವುದನ್ನು ಅವಳು ಮೊದಲ ಬಾರಿಗೆ ಜ್ಞಾನವೆಂದು ಎಣಿಸುವ ಸಾಧ್ಯತೆ ಅಲ್ಲಿ ತೆರೆಯುತ್ತದೆ.

ಆದರೆ ಹಾಡು ಪುಸ್ತಕವಾದಾಗ ಏನು ಉಳಿಯುತ್ತದೆ, ಏನು ಕಳೆಯುತ್ತದೆ? ಗ್ರೀಸಿನ ಪ್ಲೇಟೋ ತನ್ನ ‘ಫೀಡ್ರಸ್’ ಸಂವಾದದಲ್ಲಿ ಸಾಕ್ರಟೀಸನ ಬಾಯಿಂದ ಒಂದು ಕಥೆ ಹೇಳಿಸುತ್ತಾನೆ. ಥ್ಯೂತ್ ಎಂಬ ದೇವತೆ ಅಕ್ಷರಗಳನ್ನು ಕಂಡುಹಿಡಿದು, ಇದು ನೆನಪಿಗೂ ಜ್ಞಾನಕ್ಕೂ ಮದ್ದು ಎಂದು ಈಜಿಪ್ಟಿನ ರಾಜ ಥಾಮಸ್‌ನ ಮುಂದಿಡುತ್ತಾನೆ. ರಾಜ ಒಪ್ಪುವುದಿಲ್ಲ: ಬರಹವನ್ನು ನಂಬಿದವರು ನೆನಪನ್ನು ಬಿಡುತ್ತಾರೆ, ಬಹಳ ಓದಿದವರಂತೆ ಕಾಣುತ್ತಾರೆ, ಒಳಗೆ ಟೊಳ್ಳಾಗಿರುತ್ತಾರೆ. ಬರಹವನ್ನು ಪ್ರಶ್ನೆ ಕೇಳಿದರೆ ಅದು ಹೇಳಿದ್ದನ್ನೇ ಮತ್ತೆ ಹೇಳುತ್ತದೆ ಎಂಬುದು ಸಾಕ್ರಟೀಸನ ದೂರು. ಸಿರಿಯಜ್ಜಿಯ ಮುಂದೆ ಕುಳಿತವರು ಇದರರ್ಥ ಏನಜ್ಜಿ ಎಂದು ಕೇಳಬಹುದಾಗಿತ್ತು, ಪುಟವನ್ನು ಹಾಗೆ ಕೇಳಲಾಗದು. ಅಲ್ಲಮಪ್ರಭುವೂ ಶಬ್ದ ಮುಟ್ಟಲಾಗದ ಸ್ಥಿತಿಯ ಬಗ್ಗೆ ಮತ್ತೆ ಮತ್ತೆ ನುಡಿದವನು. ಆದರೂ ಪ್ಲೇಟೋ ತನ್ನ ದೂರನ್ನು ಬರೆದೇ ಇಟ್ಟ, ಅಲ್ಲಮನ ಮಾತುಗಳನ್ನು 15ನೇ ಶತಮಾನದ ಶೂನ್ಯಸಂಪಾದನೆಕಾರರು ಓಲೆಗೇರಿಸಿದರು. ಬರಹದ ಮೇಲಿನ ಅಪನಂಬಿಕೆ ನಮಗೆ ಬಂದಿರುವುದು ಬರಹದ ಮೂಲಕವೇ. ಈ ವಿರೋಧವನ್ನು ವಿದ್ಯಾರ್ಥಿ ಬಿಡಿಸಲೇಬೇಕೆಂದಿಲ್ಲ, ಕಂಡುಕೊಂಡರೆ ಅದೇ ದೊಡ್ಡದು.

ಮಾತನ್ನೂ ಬರಹವನ್ನೂ ಬಿಟ್ಟು ಕೆಲಸದಲ್ಲಿ ಅರಿವನ್ನು ಹುಡುಕಿದ ಪರಂಪರೆ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿದೆ. ತಿಪ್ಪೇರುದ್ರಸ್ವಾಮಿಯನ್ನು ಈ ಭಾಗದ ಜನ ಕೆರೆ ಕಟ್ಟಿಸಿದ ಗುರುವೆಂದು ನೆನೆಯುತ್ತಾರೆ. ಮಾಡಿದಷ್ಟು ನೀಡು ಭಿಕ್ಷೆ ಎಂಬ ಅವರ ಮಾತು ಜಾತ್ರೆಗೆ ಬರುವ ಪ್ರತಿಯೊಬ್ಬರ ನಾಲಗೆಯ ಮೇಲಿದೆ. ಸಾಮಾನ್ಯವಾಗಿ ಭಿಕ್ಷೆ ಎಂದರೆ ಕೊಡುವವರ ಕರುಣೆ. ಇಲ್ಲಿ ಅದಕ್ಕೆ ಅಳತೆ ಬಂದಿದೆ, ಆ ಅಳತೆ ದುಡಿಮೆ. ಬೇಡುವ ಪದವನ್ನೂ ಗಳಿಸುವ ನ್ಯಾಯವನ್ನೂ ಮೂರೇ ಪದಗಳಲ್ಲಿ ಕಟ್ಟಿದ ಈ ಮಾತು 12ನೇ ಶತಮಾನದ ಕಾಯಕದ ವಿಚಾರಕ್ಕೆ ಬರಗಾಲದ ನಾಡು ಕೊಟ್ಟ ಭಾಷ್ಯ. ಬ್ರಹ್ಮಗಿರಿಯ ಶಾಸನ ಹೇಳುವ ಪ್ರಯತ್ನಕ್ಕೂ ಇದಕ್ಕೂ ಹತ್ತಿರದ ನಂಟಿದೆ: ಎರಡರಲ್ಲೂ ಫಲ ಹುಟ್ಟನ್ನು ನೋಡಿ ಬರುವುದಿಲ್ಲ. ಒಂದು ಪ್ರಶ್ನೆ ಮಾತ್ರ ಚಿಂತನೆಗೆ ಉಳಿಯುತ್ತದೆ. ದುಡಿಯಲಾಗದ ಮುದುಕರಿಗೆ, ಕಾಯಿಲೆಯವರಿಗೆ ಈ ಅಳತೆಯಲ್ಲಿ ಪಾಲೆಷ್ಟು? ಶ್ರದ್ಧೆಯಿಂದ ಕೇಳಿದರೆ ಈ ಪ್ರಶ್ನೆ ಗುರುವಿಗೆ ಅಗೌರವವಾಗದು. ಮೊಳಕಾಲ್ಮೂರಿನ ಮಗ್ಗದ ಮನೆಯಿಂದ ಬಂದ ಹುಡುಗನಿಗೆ ಇನ್ನೊಂದು ಕೋನವೂ ಕಾಣುತ್ತದೆ. ಹಾಸು ಹೊಕ್ಕುಗಳ ಲೆಕ್ಕ, ಲಾಳಿ ಎಸೆಯುವ ಕೈಯ ಹದ ಯಾವ ಪುಸ್ತಕದಿಂದಲೂ ಬಂದದ್ದಲ್ಲ. ಆ ಹುಡುಗ ನೇಕಾರನಾಗಿದ್ದ ದೇವರ ದಾಸಿಮಯ್ಯನ ವಚನ ಓದುವಾಗ, ಅಧ್ಯಾಪಕರಿಗೂ ತಿಳಿಯದ ಏನೋ ಒಂದು ಅವನಿಗೆ ತಿಳಿದಿರುತ್ತದೆ. ತರಗತಿಯಲ್ಲಿ ಅದನ್ನು ಹೇಳಲು ಅವನಿಗೆ ಬಾಯಿ ಬರಬೇಕು.

ಇಂಥ ಬಾಯಿಗೆ ಬೆಲೆ ಕೊಟ್ಟ ಪುಸ್ತಕವನ್ನು ಬರೆದವರು ಚಳ್ಳಕೆರೆ ತಾಲ್ಲೂಕಿನ ಮೇಷ್ಟ್ರು. ಬೆಳಗೆರೆ ಕೃಷ್ಣಶಾಸ್ತ್ರಿ (1916–2013) ಸಂಸ್ಕೃತ ಪಾಂಡಿತ್ಯದ ಮನೆಯಲ್ಲಿ ಹುಟ್ಟಿದವರು. ಅವರ ಅಕ್ಕ ಬೆಳಗೆರೆ ಜಾನಕಮ್ಮ ಕವಿಯಾಗಿ ಹೆಸರಾದವರು. ಶಾಸ್ತ್ರಿಗಳು ತಮ್ಮ ಹುಟ್ಟೂರಿನಲ್ಲಿ ಶಾಲೆ ಕಟ್ಟಿದರು. ಅವರ ‘ಯೇಗ್ದಾಗೆಲ್ಲಾ ಐತೆ’ ಮುಕುಂದೂರು ಸ್ವಾಮಿಗಳೆಂಬ ಸಾಧಕರ ಒಡನಾಟದ ನೆನಪು. ಸ್ವಾಮಿಗಳು ಆಡುತ್ತಿದ್ದುದು ಹಳ್ಳಿಯ ಕನ್ನಡ, ಕೊಡುತ್ತಿದ್ದ ಹೋಲಿಕೆಗಳು ಹೊಲಮನೆಯವು. ಶಾಸ್ತ್ರ ಬಲ್ಲ ಲೇಖಕರು ಅದನ್ನು ಗ್ರಂಥದ ಕನ್ನಡಕ್ಕೆ ತಿದ್ದಲು ಹೋಗಲಿಲ್ಲ. ಇದು ಶೈಲಿಯ ಆಯ್ಕೆಯಷ್ಟೇ ಆಗಿದ್ದರೆ ಅದಕ್ಕೆ ಇಷ್ಟು ತೂಕ ಇರುತ್ತಿರಲಿಲ್ಲ. ಯೋಗವನ್ನು ಯೇಗವೆಂದೇ ಉಳಿಸಿದಾಗ, ಆ ಪದ ಪತಂಜಲಿಯ ಸೂತ್ರದಿಂದ ಇಳಿದು ಅಂಗಳಕ್ಕೆ ಬರುತ್ತದೆ, ಅರ್ಥ ಮಾತ್ರ ಕುಗ್ಗುವುದಿಲ್ಲ. ಹೆಸರಿನ ಕೊನೆಯ ಪದವನ್ನೂ ಗಮನಿಸಬೇಕು. ತಿಳಿಯುತ್ತದೆ ಎಂದೋ ಸಿಗುತ್ತದೆ ಎಂದೋ ಹೇಳದೆ ಅದು ಐತೆ ಎನ್ನುತ್ತದೆ. ಅರಿವನ್ನು ಹೊರಗಿನಿಂದ ಗಳಿಸಬೇಕಾದ ಸರಕೆಂದು ಭಾವಿಸಿದವರಿಗೆ ಅದು ಈಗಾಗಲೇ ಇದೆ ಎನ್ನುವ ಉತ್ತರ. ಉಪನಿಷತ್ತಿನ ನಿಲುವೂ ಇದಕ್ಕೆ ದೂರದ್ದಲ್ಲ. ವಿದ್ಯಾರ್ಥಿ ತನ್ನ ಮನೆಯ ಮಾತಿನಲ್ಲಿ ತತ್ವ ಚಿಂತನೆ ಬರೆಯಬಹುದೇ ಎಂಬ ಅನುಮಾನ ಯಾರಿಗಾದರೂ ಇದ್ದರೆ ಈ ಪುಸ್ತಕ ಅದನ್ನು ತೀರಿಸಿಬಿಟ್ಟಿದೆ.

ಶಿಷ್ಯ ಆಚಾರ್ಯನನ್ನು ಗೌರವಿಸಬೇಕೆಂದು ಬಂಡೆ ಹೇಳುತ್ತದೆ, ಗೌರವ ಯಾವ ರೂಪದಲ್ಲಿರಬೇಕೆಂದು ಹೇಳುವುದಿಲ್ಲ. ಅದಕ್ಕೊಂದು ರೂಪ ಕನ್ನಡದಲ್ಲಿ ಸಿಕ್ಕಿದೆ, ಅದರ ಬೇರು ಚಳ್ಳಕೆರೆ ತಾಲ್ಲೂಕಿನ ತಳುಕಿನಲ್ಲಿದೆ. ಅಲ್ಲಿನ ಮನೆತನದ ಟಿ.ಎಸ್. ವೆಂಕಣ್ಣಯ್ಯ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಅವರ ತಮ್ಮ ತ.ಸು. ಶಾಮರಾಯರು, ಇನ್ನೊಬ್ಬ ತಮ್ಮನ ಮಗ ಕಾದಂಬರಿಕಾರ ತ.ರಾ.ಸು. ಕುವೆಂಪು ಅವರು ವೆಂಕಣ್ಣಯ್ಯನವರ ಶಿಷ್ಯರು. 1939ರಲ್ಲಿ ಗುರು ತೀರಿಕೊಂಡರು. ಹತ್ತು ವರ್ಷಗಳ ನಂತರ ಬೆಳಕು ಕಂಡ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಕುವೆಂಪು ಅರ್ಪಿಸಿದ್ದು ಆ ಗುರುವಿಗೆ. ಆ ಕಾವ್ಯ ವಾಲ್ಮೀಕಿಯನ್ನು ಒಪ್ಪಿಸುವುದಿಲ್ಲ, ಮರುಚಿಂತಿಸುತ್ತದೆ. ರಾವಣನಿಗೂ ಒಳಗಿನ ಬದಲಾವಣೆಯ ದಾರಿಯೊಂದು ಅಲ್ಲಿದೆ. ಕಲಿಸಿದ್ದನ್ನು ಹಾಗೇ ಹಿಂದಿರುಗಿಸದೆ, ಕಲಿತದ್ದರಿಂದ ಗುರು ಕಾಣದೇ ಹೋದ ಒಂದು ಕೃತಿಯನ್ನು ಮಾಡಿ ಅವರ ಕೈಗಿಡುವುದು ಶಿಷ್ಯನ ಗೌರವದ ದೊಡ್ಡ ರೂಪ. ಮನನಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಹುಡುಕಬೇಕಾಗಿಲ್ಲ.

ಪರೀಕ್ಷೆಯ ವ್ಯವಸ್ಥೆ ಈ ರೂಪಕ್ಕೆ ಅನುಕೂಲವಾಗಿಲ್ಲ. ಸೆಮಿಸ್ಟರಿನ ಕೊನೆಯಲ್ಲಿ ವಿವರಿಸಿ, ಟಿಪ್ಪಣಿ ಬರೆಯಿರಿ ಎಂಬ ಪ್ರಶ್ನೆಗಳಿಗೆ ಗೈಡಿನ ಉತ್ತರ ಸಾಕಾಗುತ್ತದೆ. ಅಸೈನ್‌ಮೆಂಟುಗಳು ಒಬ್ಬರಿಂದ ಒಬ್ಬರಿಗೆ ನಕಲಾಗುತ್ತವೆ. ತಪ್ಪು ವಿದ್ಯಾರ್ಥಿಯದು ಎನ್ನಲಾಗದು. ಒಪ್ಪಿಸುವುದಕ್ಕೆ ಅಂಕ ಕೊಟ್ಟಲ್ಲಿ ಒಪ್ಪಿಸುವುದೇ ಬೆಳೆಯುತ್ತದೆ. ಚಿಂತನೆ ಬೇಕಾದರೆ ಪ್ರಶ್ನೆಯೇ ಬೇರೆಯಾಗಬೇಕು: ಬ್ರಹ್ಮಗಿರಿ ಶಾಸನದ ಎರಡು ಭಾಗಗಳಲ್ಲಿ ಯಾವುದನ್ನು ಒಪ್ಪುವಿರಿ, ಏಕೆ? ನಿಮ್ಮ ಮನೆಯಲ್ಲಿ ಓದು ಬಾರದ ಒಬ್ಬರು ಬಲ್ಲದ್ದು ಏನು, ಅದನ್ನು ಜ್ಞಾನ ಎನ್ನಬಹುದೇ? ಇಂಥ ಪ್ರಶ್ನೆಗೆ ಗೈಡಿನಲ್ಲಿ ಉತ್ತರ ಇರಲಾರದು. ಕಾಗುಣಿತ ತಪ್ಪಿದರೂ, ವಾಕ್ಯ ಎಡವಿದರೂ, ತನ್ನದೇ ಒಂದು ಮಾತಿರುವ ಅರ್ಧ ಪುಟ ನಕಲು ಮಾಡಿದ ಆರು ಪುಟಕ್ಕಿಂತ ಮೇಲು. ಅಧ್ಯಾಪಕರು ಹಾಗೆಂದು ಅಂಕದಲ್ಲೇ ತೋರಿಸಬೇಕು.

ಚಳ್ಳಕೆರೆ, ಮೊಳಕಾಲ್ಮೂರಿನ ಕನ್ನಡ ಅಧ್ಯಾಪಕರು ವರ್ಷಕ್ಕೊಂದು ದಿನವಾದರೂ ಮಕ್ಕಳನ್ನು ಅಕ್ಷರಗುಂಡಿನ ಬಳಿಗೆ ಕರೆದುಕೊಂಡು ಹೋಗಲಿ. ಶಾಸನದ ಕೊನೆಯ ಸಾಲನ್ನು ಅವರಿಗೆ ತೋರಿಸಲಿ. ಅಲ್ಲಿಯವರೆಗೆ ಎಲ್ಲವೂ ಆಳುವವರ ಮಾತು. ಕೊನೆಯಲ್ಲಿ ಅದನ್ನು ಬರೆದ ಚಪಡನೆಂಬ ಲಿಪಿಕಾರ ತನ್ನ ಹೆಸರು ಹಾಕಿ, ಲಿಪಿಕಾರನಿಂದ ಎಂಬ ಅರ್ಥದ ಒಂದೇ ಒಂದು ಪದವನ್ನು ಬ್ರಾಹ್ಮಿಯಲ್ಲಿ ಬರೆಯದೆ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಶಾಸನವನ್ನೆಲ್ಲ ಎಡದಿಂದ ಬಲಕ್ಕೆ ಓದಬೇಕು, ಆ ಒಂದು ಪದವನ್ನು ಬಲದಿಂದ ಎಡಕ್ಕೆ.